ಅರ್ಧ ಇಂಚಿನ ಜಗಳ

ಆರು ವಾರ ನಮ್ಮನೆ ಗಂಡಸರಿಬ್ಬರೂ ಒಂದೇ ಮೇಜಿನಲ್ಲಿ ಉಂಡರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ನಡುವೆ ಬಡಿಸುತ್ತಾ ನಿಂತವಳು ನಾನು. ಬಡಿಸೋದಾದರೂ ಏನಿತ್ತು ಅಂತೀರಿ? ಮೊದಲ ವಾರ ಖೀಮಾ, ಆಲೂಗಡ್ಡೆ. ಮೂರನೇ ವಾರಕ್ಕೆ ಮೂಳೆ ಹಾಕಿದ ಬಾರ್ಲಿ ಸಾರು. ಐದನೇ ವಾರಕ್ಕೆ ಬೆಳಿಗ್ಗೆಯೂ ಓಟ್ಸ್ ಗಂಜಿ, ಸಂಜೆಯೂ ಅದೇ ಗಂಜಿ.

ಒಬ್ಬ ನನ್ನ ಗಂಡ ಡೂಗಲ್ ಲಾಕ್ಲನ್. ಟ್ಯಾನಕ್ ಕಂಪನಿಯ ಯಾರ್ಡಿನಲ್ಲಿ ಹಡಗು ಕಟ್ಟುವ ಬಡಗಿ, ಮೂವತ್ತೊಂಬತ್ತು ವರ್ಷದಿಂದ. ಜೊತೆಗೆ ಬಡಗಿಗಳ ಯೂನಿಯನ್ನಿನ ಮುಖಂಡ. ಇನ್ನೊಬ್ಬ ನಮ್ಮ ಅಳಿಯ ರಾಬ್ ಗೆಮ್ಮೆಲ್. ಅದೇ ಯಾರ್ಡಿನಲ್ಲಿ ಪ್ಲೇಟರ್, ಅಂದರೆ ಕಬ್ಬಿಣದ ತಗಡು ಬಗ್ಗಿಸಿ ಕೂರಿಸುವವನು. ಮಗಳು ನೆಟ್ಟಾಗೆ ಮನೆ ಸಿಗುವ ತನಕ ಅಂತ ನಮ್ಮ ಜೊತೆ ಇದ್ದರು. ಇರೋದು ಒಂದು ರೂಮು, ಒಂದು ಅಡುಗೆಮನೆ. ರೂಮು ಅವರಿಗೆ ಬಿಟ್ಟುಕೊಟ್ಟು ಅಡುಗೆಮನೆಯ ಗೋಡೆಯೊಳಗಿನ ಮಂಚದಲ್ಲಿ ನಾನು, ಡೂಗಲ್. ಒಲೆ ಪಕ್ಕದ ಮಡಚು ಮಂಚದಲ್ಲಿ ನಮ್ಮತ್ತೆ ಟೀನಿ, ಎಂಬತ್ತೊಂದು ವರ್ಷ, ಹಲ್ಲು ಒಂದೂ ಇಲ್ಲ, ಬಾಯಿ ಮಾತ್ರ ಚೂರಿ. ನೆಟ್ಟಾಗೆ ಆರು ತಿಂಗಳು ತುಂಬಿತ್ತು. ಇಂಥಾ ಮನೆಯಲ್ಲಿ ಮಾತು ಬಿಡೋದು ಅಂದರೆ ಸುಮ್ಮನೆಯಲ್ಲ, ಒಬ್ಬರ ಮೊಣಕೈ ಇನ್ನೊಬ್ಬರ ತಟ್ಟೆಗೆ ತಾಗುತ್ತೆ.

ಜಗಳ ಶುರುವಾಗಿದ್ದು ಐವತ್ತನೇ ಇಸವಿ ಫೆಬ್ರವರಿಯ ಒಂದು ಗುರುವಾರ. ಡೂಗಲ್ ಮಧ್ಯಾಹ್ನ ಎರಡು ಗಂಟೆಗೇ ಮನೆಗೆ ಬಂದ. ಟೋಪಿ ತೆಗೆದು ಮೇಜಿನ ಮೇಲೆ ಬಿಸಾಕಿದ.

"ಮುಷ್ಕರ ಹೂಡಿ ಹೊರಗೆ ಬಂದ್ವಿ," ಅಂದ. "ಬಡಗಿಗಳು ಪೂರ್ತಿ, ಒಬ್ಬ ಉಳಿದಿಲ್ಲ."

"ಯಾಕೆ? ಏನಾಯ್ತು?"

"ಪ್ಲೇಟರ್ ಒಬ್ಬ ದಾರ ಹೊಡೆದ. ಊಟದ ಹೊತ್ತಲ್ಲಿ, ಕಳ್ಳನ ಥರ. ಎಂಜಿನ್ ಕೂರೋ ಪೀಠದ ಮೇಲೆ ನಾವು ಹೊಡೆದಿದ್ದ ಗೆರೆ ಅಳಿಸಿ, ತಾನೇ ಹೊಸ ಗೆರೆ ಹೊಡೆದಿದಾನೆ. ವಾಟಿ ಸ್ಪ್ರೌಲ್ ಕಣ್ಣಾರೆ ನೋಡಿದ."

ನನಗೆ ಗೊತ್ತಿತ್ತು ಇದು ಚಿಲ್ಲರೆ ವಿಷಯ ಅಲ್ಲ ಅಂತ. ಬೇರೆಯವರಿಗೆ ನಗು ಬರಬಹುದು. ಸೀಮೆಸುಣ್ಣ ಸವರಿದ ದಾರವನ್ನು ಎರಡು ತುದಿಗೆ ಎಳೆದು ಹಿಡಿದು, ನಡುವೆ ಎತ್ತಿ ಟಪ್ ಅಂತ ಬಿಟ್ಟರೆ ಕಬ್ಬಿಣದ ಮೇಲೆ ಬಿಳಿ ಗೆರೆ ಬೀಳುತ್ತೆ. ಇಷ್ಟೇ ಕೆಲಸ. ಆದರೆ ಟ್ಯಾನಕ್ ಯಾರ್ಡಿನಲ್ಲಿ ಅದನ್ನು ಬಡಗಿಗಳೇ ಮಾಡಬೇಕು. ಗೆರೆ ಬಡಗಿಯದು, ಆ ಗೆರೆಗೆ ತಗಡು ಕೂರಿಸೋದು ಪ್ಲೇಟರ್‌ನದು. ಅವರ ದಾರ ಇವರು ಮುಟ್ಟಕೂಡದು, ಇವರ ಸುತ್ತಿಗೆ ಅವರು ಮುಟ್ಟಕೂಡದು.

"ಯಾರು ಆ ಪ್ಲೇಟರ್?" ಅಂತ ಕೇಳಿದೆ.

ಅಷ್ಟರಲ್ಲಿ ಕೆಲಸ ಅರ್ಧಕ್ಕೇ ಬಿಟ್ಟ ರಾಬ್ ಬಾಗಿಲು ತೆಗೆದು ಒಳಗೆ ಬಂದ, ಕಿವಿಯೆಲ್ಲ ಕೆಂಪಗೆ.

"ಇವನೇ," ಅಂದ ಡೂಗಲ್. "ಎಫೀ, ಆ ಪ್ಲೇಟರ್‌ನ ಕೇಳು, ಯಾಕೆ ಹಂಗೆ ಮಾಡಿದ ಅಂತ."

"ಮಾವ, ನಾನೇ ಇಲ್ಲಿದೀನಲ್ಲ, ನನ್ನನ್ನೇ ಕೇಳಿ," ಅಂದ ರಾಬ್.

"ಎಫೀ, ಕೇಳು ಅಂದೆ."

ರಾಬ್ ನನ್ನ ಕಡೆ ನೋಡಿದ. ಏನೋ ಹೇಳೋಕೆ ಹೋದ, ನುಂಗಿಕೊಂಡ. "ಏನೋ ತಪ್ಪಾಯ್ತು ಅತ್ತೆ," ಅಂತ ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಆವತ್ತಿಂದ ನನ್ನ ಗಂಡನ ಬಾಯಲ್ಲಿ ರಾಬ್ ಅನ್ನೋ ಹೆಸರೇ ಬರಲಿಲ್ಲ.

ಮೊದಲೆರಡು ವಾರ ಹೇಗೋ ನಡೀತು. ಯೂನಿಯನ್ ಕೊಡೋ ಮೂರು ಕಾಸು, ಅಂಗಡಿಯವನ ಮುಲಾಜು. ಬಡಗಿಗಳು ಗೆರೆ ಹೊಡೆಯದೆ ಪ್ಲೇಟರ್‌ಗಳಿಗೂ ಕೆಲಸ ಇಲ್ಲದಂತಾಗಿ, ಎರಡನೇ ವಾರದ ಕೊನೆಗೆ ಅವರನ್ನೂ ಕಂಪನಿ ಮನೆಗೆ ಕಳಿಸಿತು. ಅಲ್ಲಿಗೆ ನಮ್ಮನೆಗೆ ಬರೋ ಎರಡು ಸಂಬಳವೂ ನಿಂತವು. ಹಡಗು ಅರ್ಧ ಕಟ್ಟಿದ ಎದೆಗೂಡಿನ ಹಾಗೆ ನಿಂತಿತ್ತು, ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತಿತ್ತು. ದಿನಾ ಅದನ್ನು ನೋಡಿಕೊಂಡು ಪಾತ್ರೆ ತೊಳೆಯೋದು ನನ್ನ ಕರ್ಮ.

ಊಟಕ್ಕೆ ಕೂತರೆ ಹೀಗೆ:

"ಎಫೀ, ಆ ಪ್ಲೇಟರ್‌ಗೆ ಹೇಳು, ಉಪ್ಪು ಈ ಕಡೆ ಜರುಗಿಸಲಿ."

"ಅತ್ತೆ, ಉಪ್ಪು ತಗೊಳಿ, ಮಾವನಿಗೆ ಕೊಡಿ."

ಉಪ್ಪಿನ ಬಟ್ಟಲು ಇಬ್ಬರ ಮಧ್ಯೆ ಗೇಣು ದೂರದಲ್ಲಿ! ಒಂದು ದಿನ ನನಗೆ ರೇಗಿಹೋಯ್ತು. "ನಾನೇನು ನಿಮ್ಮಿಬ್ಬರ ಮಧ್ಯೆ ಓಡಾಡೋ ದೋಣಿನಾ?" ಅಂತ ಕೂಗಿ, ಉಪ್ಪನ್ನು ತಗೊಂಡು ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡೆ. ಇಬ್ಬರೂ ಸಪ್ಪೆ ಗಂಜಿ ಉಂಡರು.

ನೆಟ್ಟಾಗೆ ಅಪ್ಪನ ಮೇಲೆ ಕೆಂಡದಂಥ ಕೋಪ. "ಅಪ್ಪ, ಒಂದು ಗೆರೆಗೋಸ್ಕರ ಸಾವಿರ ಮನೆ ಒಲೆ ಆರಿಸಿದೀಯಲ್ಲ! ಸುಣ್ಣದ ಗೆರೆ ಅದು, ಮಳೆ ಬಂದ್ರೆ ತೊಳೆದುಹೋಗುತ್ತೆ!"

ಉತ್ತರ ಕೊಟ್ಟಿದ್ದು ಒಲೆ ಪಕ್ಕದಿಂದ ನಮ್ಮತ್ತೆ.

"ನಿನಗೇನು ಗೊತ್ತೇ ಹುಡುಗಿ? ಟ್ಯಾನಕ್ ಅಣ್ಣತಮ್ಮಂದಿರು ಈ ದಡದಲ್ಲಿ ಕೆಲಸ ಶುರು ಮಾಡಿದಾಗ ಹಡಗೆಲ್ಲ ಮರದ್ದು. ಅಡಿಮರದಿಂದ ಕೂವೆಕಂಬದ ತುದಿ ತನಕ ಬಡಗಿಯದೇ ಕೆಲಸ. ನಮ್ಮ ಮಾವನ ಜೊತೆ ದೊಡ್ಡ ಟ್ಯಾನಕ್ ಒಂದೇ ಹಲಗೆ ಮೇಲೆ ಕೂತು ಬುತ್ತಿ ತಿಂತಿದ್ದನಂತೆ. ಆಮೇಲೆ ಕಬ್ಬಿಣ ಬಂತು. ರಸ್ತೆ ಆಚೆ ಎಂಜಿನ್ ಕಾರ್ಖಾನೆ ಎದ್ದಿತು. ಒಡಲು ಪ್ಲೇಟರ್‌ಗಳದ್ದಾಯ್ತು, ಹೊಟ್ಟೆಯೊಳಗಿನ ಎಂಜಿನ್ ಫಿಟ್ಟರ್‌ಗಳದ್ದಾಯ್ತು. ನನ್ನ ಗಂಡನಿಗೆ, ನಿಮ್ಮಪ್ಪನಿಗೆ ಉಳಿದಿದ್ದೇನು? ಗೆರೆ! ಅದನ್ನೂ ಬಿಟ್ಟುಕೊಟ್ಟು ಮನೇಲಿ ಕೂತು ಕೋಳಿಗೂಡು ಕಟ್ಟಬೇಕಾ?"

"ಹಂಗಾದ್ರೆ ನೀನೂ ಅಪ್ಪನ ಕಡೇನೇ ಅಜ್ಜಿ?"

"ನಾನು ಯಾರ ಕಡೇನೂ ಇಲ್ಲ. ನಾನು ಗಂಜಿ ಕಡೆ. ಎಫೀ, ಇನ್ನೊಂದು ಸೌಟು ಹಾಕು."

ನಾಲ್ಕನೇ ವಾರದ ಸೋಮವಾರ ಹಿತ್ತಲ ಬಟ್ಟೆ ಒಗೆಯೋ ಮನೆಯಲ್ಲಿ ನಮ್ಮ ಸರದಿ. ನೆಟ್ಟಾಗೆ ಹಂಡೆ ಎತ್ತಬೇಡ ಅಂದರೂ ಕೇಳದೆ ಜೊತೆಗೆ ಬಂದಳು. ನಾನು ಹಾಸಿಗೆ ಬಟ್ಟೆ ಹಿಂಡುತ್ತಿದ್ದೆ. ಅವಳು ಅಪ್ಪನ ಕೆಲಸದ ಅಂಗಿ ಕೈಯಲ್ಲಿ ಹಿಡಿದುಕೊಂಡು ಇದ್ದಕ್ಕಿದ್ದಂತೆ ಅಳೋಕೆ ಶುರು ಮಾಡಿದಳು.

"ಏನೇ? ನೋವಾಗ್ತಿದೆಯಾ?"

"ನೋವಲ್ಲಮ್ಮ. ನನ್ನ ಕೈಲಿ ಇನ್ನು ಹೊಟ್ಟೇಲಿಟ್ಕೊಳೋಕೆ ಆಗಲ್ಲ. ಹೇಳಬಾರದು ಅಂತ ರಾಬ್ ಆಣೆ ಹಾಕಿಸಿದಾನೆ."

"ಆಣೆ ಗೀಣೆ ಆಮೇಲೆ. ಹೇಳು."

"ಅಪ್ಪನ ಗೆರೆ ತಪ್ಪಿತ್ತಮ್ಮ. ಅರ್ಧ ಇಂಚು. ಆ ಗೆರೆ ಮೇಲೆ ಪೀಠ ಕೂರಿಸಿದ್ರೆ ಎಂಜಿನ್ ವಾರೆ ಕೂರ್ತಿತ್ತಂತೆ, ಎಲ್ಲಾ ಕಿತ್ತು ಹಾಕಬೇಕಾಗ್ತಿತ್ತಂತೆ. ಅಪ್ಪನಿಗೆ ಅಳತೆಕೋಲಿನ ಸಣ್ಣ ಗೀಟು ಕಾಣಿಸ್ತಿಲ್ಲ. ರಾಬ್ ಎರಡು ಮೂರು ಸಲ ಗಮನಿಸಿದಾನೆ. ಗೊತ್ತಾದ್ರೆ ಅಪ್ಪನ್ನ ಗೆರೆ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕ್ತಾರೆ ಅಂತ, ಊಟದ ಹೊತ್ತಲ್ಲಿ ಗುಟ್ಟಾಗಿ ಸರಿ ಮಾಡೋಕೆ ಹೋಗಿ ಸಿಕ್ಕಿಬಿದ್ದ."

ನಾನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಹಂಗೇ ನಿಂತೆ. ನೀರೆಲ್ಲ ನನ್ನ ಚಪ್ಪಲಿ ಮೇಲೆ ಇಳೀತು. ಅಯ್ಯೋ ದೇವರೇ, ಆ ಹುಡುಗ ನಾಲ್ಕು ವಾರದಿಂದ ಬೈಸಿಕೊಂಡು ನನ್ನ ಮೇಜಿನಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದಾನೆ! ನನ್ನ ಮೇಲೇ ನನಗೆ ಸಿಟ್ಟು ಬಂತು. ಒಂದು ವರ್ಷದಿಂದ ಡೂಗಲ್ ಪೇಪರ್ ಓದೋದು ಬಿಟ್ಟು "ಎಫೀ, ನೀನೇ ಓದು, ನಿನ್ನ ದನಿ ಚೆನ್ನಾಗಿದೆ" ಅಂತಿದ್ದ. ನಾನು ಪೆದ್ದಿ, ಪ್ರೀತಿ ಅಂದುಕೊಂಡಿದ್ದೆ.

ಆದರೂ ಆವತ್ತೇ ಹೇಳಲಿಲ್ಲ. ಹೆದರಿದೆ, ಸುಳ್ಳು ಯಾಕೆ. ನಮ್ಮೂರಲ್ಲಿ ಗುಮಾಸ್ತರು ಕನ್ನಡಕ ಹಾಕುತ್ತಾರೆ, ಪಾದ್ರಿ ಹಾಕುತ್ತಾರೆ. ಗೆರೆ ಹೊಡೆಯೋ ಬಡಗಿ ಹಾಕಿದರೆ ಅವನ ಕಥೆ ಮುಗೀತು ಅಂತಲೇ ಲೆಕ್ಕ. ಮಾರನೇ ದಿನವೇ ಉಗ್ರಾಣದಲ್ಲಿ ಮೊಳೆ ಎಣಿಸುತ್ತಾ ಕೂರಬೇಕು. ಡೂಗಲ್‌ನ ಅಪ್ಪ ಹಾಗೇ ಕೂತು ಎರಡೇ ವರ್ಷದಲ್ಲಿ ಮಣ್ಣಾದರು. ಅದನ್ನು ಕಣ್ಣಾರೆ ಕಂಡವನಿಗೆ ನಾನು ಹೇಗೆ ಹೇಳಲಿ?

ಆರನೇ ವಾರ ನನಗೆ ಬೇರೆ ದಾರಿ ಉಳಿಯಲಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಡೂಗಲ್ ಕೋಟು ಬಿಚ್ಚುತ್ತಾ ಹೇಳಿದ, "ಒಪ್ಪಂದಕ್ಕೆ ಬಂದಿದೆ. ಶುಕ್ರವಾರ ಗೇಟಿನ ಹತ್ರ ಸಭೆ. ದಾರ ಮುಟ್ಟಿದೋನನ್ನ ಯಾರ್ಡಿಂದ ತೆಗೆದರೆ ಸೋಮವಾರ ಎಲ್ಲಾ ಒಳಗೆ ಹೋಗ್ತೀವಿ. ಕಂಪನಿ ಒಪ್ಪಿದೆ."

"ಎಲ್ಲಾರೂ ಹೋಗ್ತೀರಾ?" ಅಂದಳು ನೆಟ್ಟಾ. "ನನ್ನ ಗಂಡ ಒಬ್ಬನ್ನ ಬಿಟ್ಟು?"

"ಯೂನಿಯನ್ ತೀರ್ಮಾನ ಅದು. ನಾನೊಬ್ಬನೇ ಮಾಡಿದ್ದಲ್ಲ."

ರಾಬ್ ತಟ್ಟೆ ಪಕ್ಕಕ್ಕೆ ಸರಿಸಿದ. "ಪರವಾಗಿಲ್ಲ ಅತ್ತೆ. ಇಂಗ್ಲೆಂಡಲ್ಲಿ ಟೈನ್ ನದಿ ಕಡೆ ಯಾರ್ಡ್‌ನಲ್ಲಿ ಕೆಲಸ ಇದೆಯಂತೆ. ನಮ್ಮಣ್ಣ ಕಾಗದ ಬರೆದಿದಾನೆ. ಮುಂದಿನ ವಾರ ಹೊರಡ್ತೀವಿ."

"ಏಳು ತಿಂಗಳ ಬಸುರಿನ ರೈಲಲ್ಲಿ ಎಳ್ಕೊಂಡು?" ಅಂದೆ.

"ಇನ್ನೇನು ಮಾಡ್ಲಿ ಅತ್ತೆ?"

ಸಾಕು ಅನ್ನಿಸಿತು. ಎದ್ದು ಹೋಗಿ ಬಾಗಿಲ ಹಿಂದೆ ತೂಗುಹಾಕಿದ್ದ ಡೂಗಲ್‌ನ ಕೆಲಸದ ಪ್ಯಾಂಟಿನ ಜೇಬಿಂದ ಅವನ ಮಡಚೋ ಅಳತೆಕೋಲು ತೆಗೆದೆ. ಬಿಡಿಸಿ, ಒಂದು ಗೀಟಿನ ಮೇಲೆ ಉಗುರು ಒತ್ತಿ ಅವನ ಮುಂದೆ ಹಿಡಿದೆ.

"ಓದು."

"ಏನಿದು ಹುಚ್ಚಾಟ?"

"ಓದು ಡೂಗಲ್. ನನ್ನ ಉಗುರು ಎಲ್ಲಿದೆ?"

"ಅಮ್ಮ, ಬೇಡ," ಅಂದಳು ನೆಟ್ಟಾ. ರಾಬ್ ಎದ್ದು ನಿಂತ. "ಅತ್ತೆ, ದಮ್ಮಯ್ಯ, ಬಿಡಿ."

ಡೂಗಲ್ ಕೋಲು ಕಿತ್ತುಕೊಂಡ. ಹತ್ತಿರ ಹಿಡಿದ. ದೂರ ಹಿಡಿದ. ಇನ್ನೂ ದೂರ ಹಿಡಿದ.

"ಕೈ ಉದ್ದ ಸಾಲ್ತಿಲ್ವೇನೋ ಮಗಾ?" ಅಂದರು ನಮ್ಮತ್ತೆ.

"ನಾಲ್ಕೂಮುಕ್ಕಾಲು," ಅಂದ ಡೂಗಲ್.

ನಮ್ಮತ್ತೆ ತಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ನೋಡಿ, ಕನ್ನಡಕ ತೆಗೆದು ಮಗನ ಕಡೆ ಚಾಚಿದರು. ಒಂದು ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ ಅದು. ಡೂಗಲ್ ತಗೊಳಲಿಲ್ಲ. ನಮ್ಮತ್ತೆ ಚಾಚಿದ ಕೈ ಇಳಿಸಲಿಲ್ಲ. ಕೊನೆಗೆ ಅವನು ಇಸ್ಕೊಂಡು ಕಿಟಕಿ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ಹಾಕಿಕೊಂಡ.

"ನಾಲ್ಕೂಕಾಲು," ಅಂದ.

"ಅರ್ಧ ಇಂಚು," ಅಂದೆ ನಾನು. "ಆ ಪೀಠದ ಗೆರೇನೂ ಅಷ್ಟೇ ತಪ್ಪಿತ್ತು. ನಿನ್ನ ಮರ್ಯಾದೆ ಉಳಿಸೋಕೆ ಹೋಗಿ ಈ ಹುಡುಗ ಸಿಕ್ಕಿಬಿದ್ದಿದಾನೆ. ಆರು ವಾರದಿಂದ ಬಾಯಿಗೆ ಬೀಗ ಹಾಕ್ಕೊಂಡು ನಿನ್ನ ಕೈಲಿ ಬೈಸ್ಕೊಂಡಿದಾನೆ. ನೀನು ಅವನನ್ನ ಊರು ಬಿಡಿಸೋಕೆ ಹೊರಟಿದೀಯ."

"ಸುಳ್ಳು," ಅಂದ ಡೂಗಲ್. ದನಿಯಲ್ಲಿ ಜೀವ ಇರಲಿಲ್ಲ. ರಾಬ್ ಕಡೆ ತಿರುಗದೆಯೇ ಕೇಳಿದ, "ಅಲ್ಲಿ ಅಳತೆ ಎಷ್ಟಿತ್ತು?"

ಆರು ವಾರದಲ್ಲಿ ನೇರ ಕೇಳಿದ ಮೊದಲ ಮಾತು ಅದು.

"ಆರೂಕಾಲು ಇರಬೇಕಿತ್ತು ಮಾವ. ನೀವು ಆರೂಮುಕ್ಕಾಲಿಗೆ ಹೊಡೆದಿದ್ರಿ."

ಡೂಗಲ್ ಕನ್ನಡಕ ತೆಗೆದು ಅಮ್ಮನ ಮಡಿಲಲ್ಲಿಟ್ಟು, ಟೋಪಿ ತಗೊಂಡು ಮೆಟ್ಟಿಲಿಳಿದು ಹೋದ. ಸಂಜೆ ಬಂದ, ಗಂಜಿ ಉಂಡ, ಮಲಗಿದ. ಸೋಮವಾರದಿಂದ ಗುರುವಾರದ ತನಕ "ಹೂಂ", "ಊಹೂಂ" ಬಿಟ್ಟರೆ ಬೇರೆ ಮಾತಿಲ್ಲ. ರಾಬ್ ಪೆಟ್ಟಿಗೆ ಇಳಿಸಿ ಧೂಳು ಒರೆಸಿದ. ನೆಟ್ಟಾ ಮಗುವಿಗೆ ಹೆಣೆದಿದ್ದ ಸ್ವೆಟರು, ಕಾಲುಚೀಲ ಎಲ್ಲಾ ಮಡಚಿ ಅದರೊಳಗಿಟ್ಟಳು. ಅದನ್ನು ನೋಡೋಕಾಗದೆ ನಾನು ಮೂರು ದಿನ ಸುಮ್ಮಸುಮ್ಮನೆ ಮೆಟ್ಟಿಲು ತೊಳೆದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಗೇಟಿನ ಮುಂದೆ ಕಾಲಿಡೋಕೆ ಜಾಗ ಇರಲಿಲ್ಲ. ಈ ಕಡೆ ನಾನೂರು ಬಡಗಿಗಳು, ರಸ್ತೆ ಆ ಕಡೆ ಗೋಡೆಗೊರಗಿ ಪ್ಲೇಟರ್‌ಗಳು, ಅವರ ನಡುವೆ ರಾಬ್. ಹೆಂಗಸರಿಗೆ ಅಲ್ಲಿ ಕೆಲಸ ಇಲ್ಲ. ಆದರೂ ಬ್ರೆಡ್ ತರೋಕೆ ಹೊರಟವರ ಹಾಗೆ ಚೀಲ ಹಿಡಿದು ನಾನೂ ನೆಟ್ಟಾನೂ ಅಂಗಡಿ ಮುಂದೆ ನಿಂತೆವು. ನೆಟ್ಟಾ ನನ್ನ ತೋಳು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ ಮಾರನೇ ದಿನ ನೀಲಿಗಟ್ಟಿತ್ತು.

ಡೂಗಲ್ ಪೀಪಾಯಿ ಮೇಲೆ ಹತ್ತಿದ. ಒಪ್ಪಂದದ ಕಾಗದ ಕೈಯಲ್ಲಿತ್ತು. ಬಿಡಿಸಿದ, ನೋಡಿದ, ಮತ್ತೆ ಮಡಚಿದ.

"ಇದನ್ನ ಬೇರೆ ಯಾರಾದ್ರೂ ಓದಿ," ಅಂದ. "ನನಗೆ ಕಾಣಲ್ಲ."

ಯಾರೋ ನಕ್ಕರು, ತಮಾಷೆ ಅಂದುಕೊಂಡು.

"ನಗಬೇಡಿ. ನಿಜವಾಗ್ಲೂ ಕಾಣಲ್ಲ. ಆ ಎಂಜಿನ್ ಪೀಠದ ಗೆರೆ ನಾನು ಹೊಡೆದಿದ್ದು. ತಪ್ಪು ಹೊಡೆದಿದ್ದೆ. ಅರ್ಧ ಇಂಚು."

ತಲೆಗಳೆಲ್ಲ ಒಟ್ಟಿಗೆ ಪೀಪಾಯಿ ಕಡೆ ತಿರುಗಿದವು.

"ಏನಂದೆ?" ಹಿಂದಿನಿಂದ ಒಬ್ಬ ಕೂಗಿದ.

"ಅರ್ಧ ಇಂಚು ಅಂದೆ! ನನಗೆ ಕಣ್ಣು ಹೋದ್ರೆ ನಿನಗೆ ಕಿವಿ ಹೋಯ್ತಾ? ರಾಬ್ ಗೆಮ್ಮೆಲ್ ಅದನ್ನ ನೋಡಿ ಸರಿ ಮಾಡಿದ. ದಾರ ಮುಟ್ಟಬಾರದಿತ್ತು, ಒಪ್ತೀನಿ. ನನ್ನ ಹತ್ರ ಬಂದು ಹೇಳಬೇಕಿತ್ತು. ಹೇಳಿದ್ರೆ ನಾನು ಅವನ ಕೆನ್ನೆಗೆ ಬಾರಿಸ್ತಿದ್ದೆ, ಅದು ಅವನಿಗೂ ಗೊತ್ತಿತ್ತು. ಇವತ್ತು ಅವನನ್ನ ತೆಗೀಬೇಕು ಅಂತ ಯಾರು ಕೈ ಎತ್ತೋದಾದ್ರೂ ಮೊದಲು ನನ್ನನ್ನ ತೆಗೀರಿ. ಗೆರೆ ನಮ್ಮದು ಅಂತ ಹೊಡೆದಾಡ್ತೀವಲ್ಲ, ಹಂಗಾದ್ರೆ ತಪ್ಪು ಗೆರೇನೂ ನಮ್ಮದೇ."

ಇವನ ಕಥೆ ಮುಗೀತು, ಎಲ್ಲಾ ಸೇರಿ ಕಲ್ಲು ಹೊಡೀತಾರೆ ಅಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ವಾಟಿ ಸ್ಪ್ರೌಲ್ ಒಂದು ಹೆಜ್ಜೆ ಮುಂದೆ ಬಂದ. ಡೂಗಲ್‌ಗಿಂತ ನಾಲ್ಕು ವರ್ಷ ದೊಡ್ಡವನು, ರಾಬ್‌ನ ಹಿಡಿದುಕೊಟ್ಟವನೇ ಅವನು.

"ಡೂಗಲ್," ಅಂದ. "ಆವತ್ತು ನಾನು ಕಣ್ಣಾರೆ ನೋಡಿದೆ ಅಂದಿದ್ನಲ್ಲ. ಏನೂ ನೋಡಿರಲಿಲ್ಲ. ಮಬ್ಬು ಮಬ್ಬಾಗಿ ಯಾರೋ ಬಗ್ಗಿದ್ದ. ನಿನ್ನ ಹುಡುಗ ಕೆಲಸ ಮಾಡುವಾಗ ಸೀಟಿ ಹೊಡೀತಾನಲ್ಲ, ಅದರಿಂದ ಗುರುತು ಹಿಡಿದೆ. ಎರಡು ವರ್ಷದಿಂದ ನಾನು ಅಳತೆಕೋಲನ್ನ ಉಗುರಲ್ಲಿ ತಡವಿ ಓದ್ತಿದೀನಿ ಕಣಯ್ಯಾ."

"ನೀನೂನಾ?" ಅಂದ ಪಕ್ಕದವನು. "ನಾನು ನಮ್ಮ ಜೊತೆಗಾರನ ಕೈಲಿ ಓದಿಸ್ತೀನಿ. ಚಳಿಗೆ ಕಣ್ಣಲ್ಲಿ ನೀರು ಬರುತ್ತೆ ಅಂತ ಸುಳ್ಳು ಹೇಳಿ."

ಆಮೇಲೆ ಹಿಂದಿನಿಂದ ಒಬ್ಬ, ಎಡಗಡೆಯಿಂದ ಇಬ್ಬರು. ಕಟ್ಟೆ ಒಡೆದ ಹಾಗೆ. ರಸ್ತೆ ಆಚೆಯ ಪ್ಲೇಟರ್‌ಗಳು ಮೊದಲು ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಹಡಗುಗಳು ತೇಲ್ತಿರೋದು ಯಾರ ಪುಣ್ಯ ಮಾರಾಯ್ರೆ?" ಅಂತ ಒಬ್ಬ ಕೂಗಿದ. ಬಡಗಿಗಳೂ ನಕ್ಕರು. ನೆಟ್ಟಾ ನಗುತ್ತಾ ಅಳುತ್ತಾ ನನ್ನ ಭುಜಕ್ಕೆ ಮೂಗು ಒರೆಸಿದಳು.

ಹಳೇ ಒಪ್ಪಂದ ಹರಿದು ಹೋಯ್ತು. ಕೈ ಎತ್ತಿದ್ದು ಬೇರೆ ಬೇಡಿಕೆಗೆ. ದಾರ ಬಡಗಿಗಳದೇ, ಅದರಲ್ಲಿ ರಾಜಿ ಇಲ್ಲ. ರಾಬ್ ಗೆಮ್ಮೆಲ್ ಅವನ ಜಾಗದಲ್ಲೇ ಇರಬೇಕು. ಕನ್ನಡಕ ಹಾಕಿದ ಅಂತ ಯಾವ ಬಡಗಿಯನ್ನೂ ಗೆರೆಯಿಂದ ಎಬ್ಬಿಸಕೂಡದು. ಹಡಗು ನೀರಿಗಿಳಿಯೋ ದಿನ ತಪ್ಪಿ ಹೋಗಿದ್ದ ಕಂಪನಿಯವರು ಮಧ್ಯಾಹ್ನದೊಳಗೆ ಹೂಂ ಅಂದರು.

ಆವತ್ತು ಮೀನಿನವನ ಹತ್ತಿರ ಕಾಡಿ ಬೇಡಿ ನಾಲ್ಕು ಹೆರಿಂಗ್ ಮೀನು ತಂದೆ. ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ ಹುರಿದೆ. ನೆಟ್ಟಾ ಪೆಟ್ಟಿಗೆಯಿಂದ ಮಗುವಿನ ಬಟ್ಟೆ ಒಂದೊಂದೇ ತೆಗೆದು ಮತ್ತೆ ಗೂಡಲ್ಲಿಟ್ಟಳು. ಗಂಡಸರಿಬ್ಬರೂ ಮುಳ್ಳು ಬಿಡಿಸುತ್ತಾ ಕೂತರು. ಕೊನೆಗೆ ಡೂಗಲ್ ತಟ್ಟೆ ನೋಡಿಕೊಂಡೇ ಹೇಳಿದ, "ನಾಳೆ ಹತ್ತು ಗಂಟೆಗೆ ಕಣ್ಣು ತೋರಿಸೋಕೆ ಕನ್ನಡಕದಂಗಡಿಗೆ ಹೋಗ್ಬೇಕು. ಈಗ ಸರ್ಕಾರದೋರು ಕನ್ನಡಕ ಪುಕ್ಕಟೆ ಕೊಡ್ತಾರಂತೆ."

"ನಾನೂ ಬರ್ತೀನಿ ಮಾವ," ಅಂದ ರಾಬ್.

"ಬಾ. ನಿನ್ನ ಕಾಲು, ನಿನ್ನಿಷ್ಟ."

ಶನಿವಾರ ನಾವು ಹೋಗುವಷ್ಟರಲ್ಲಿ ಕನ್ನಡಕದಂಗಡಿಯ ಸಾಲು ಬೀದಿ ತಿರುವಿನ ತನಕ ಬಂದಿತ್ತು. ಎಲ್ಲಾ ಬಡಗಿಗಳೇ, ಚರ್ಚಿಗೆ ಹೋಗೋ ಸೂಟು, ಕೆರೆದು ಗಡ್ಡ ಬೋಳಿಸಿದ ಮುಖ. ದಾರಿಯಲ್ಲಿ ಹೋಗೋ ಹೆಂಗಸರು ನಿಂತು ಕೀಟಲೆ ಮಾಡುತ್ತಿದ್ದರು.

"ಏನ್ ವಾಟಿ, ಕಣ್ಣು ತೋರಿಸೋಕೆ ಬಂದ್ಯಾ?"

"ನಾನಲ್ಲಮ್ಮ, ಇವನಿಗೆ ಜೊತೆಗೆ ಬಂದೆ," ಅಂದ ವಾಟಿ, ಪಕ್ಕದವನನ್ನು ತೋರಿಸಿ.

"ನಾನೆಲ್ಲಿ? ನಾನು ಇವನ ಜೊತೆಗೆ ಬಂದಿದ್ದು," ಅಂದ ಪಕ್ಕದವನು, ಅವನ ಹಿಂದಿನವನನ್ನು ತೋರಿಸಿ.

ನಿನ್ನೆ ಗೇಟಿನ ಮುಂದೆ ಬಾಯ್ತುಂಬ ಒಪ್ಪಿಕೊಂಡವರು, ಇವತ್ತು ಹೆಂಗಸರ ಎದುರು ಒಬ್ಬರಿಗೊಬ್ಬರು ಜೊತೆಗೆ ಬಂದವರು! ಇಪ್ಪತ್ತು ಜನರ ಸಾಲಿನಲ್ಲಿ ಕಣ್ಣು ಮಂದವಾದವನು ಒಬ್ಬನೂ ಇಲ್ಲ. ನನಗೆ ನಗು ತಡೆಯೋಕೆ ಆಗಲಿಲ್ಲ. ಬಾಗಿಲಿಂದ ಅಂಗಡಿಯ ಹುಡುಗಿ ಪಟ್ಟಿ ಹಿಡಿದುಕೊಂಡು ಹೊರಗೆ ಬಂದು, ಡೂಗಲ್‌ನನ್ನೂ ರಾಬ್‌ನನ್ನೂ ನೋಡಿ ಬೇಸತ್ತ ದನಿಯಲ್ಲಿ ಕೇಳಿದಳು, "ನಿಮ್ಮಿಬ್ಬರಲ್ಲಿ ಯಾರಿಗೆ ಕಣ್ಣು, ಯಾರು ಜೊತೆಗೆ?"

ಇಡೀ ಸಾಲು ಕಿವಿ ನಿಮಿರಿಸಿತು. ಡೂಗಲ್ ಟೋಪಿ ತೆಗೆದು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ.

"ಕಣ್ಣು ನನಗಮ್ಮ. ಜೊತೆಗೆ ಬಂದಿರೋನು ಇವನು, ನನ್ನ ಅಳಿಯ."